ತೋಳಿಗೆ ಕೊರೆದ ತೂತು

ಗಾರುತ್,
ಅಕ್ಟೋಬರ್ ೧೪, ಸೋಮವಾರ

ಕಾಂಗ್ ಎಂಕೋಸ್ ಅವರಿಗೆ,

ಸಲಾಮು. ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ಎಂಬುದನ್ನು ಮೊದಲು ತಿಳಿಸಿ, ಆಮೇಲೆ ಕ್ಷೇಮ ವಿಚಾರಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ಲೆನ್ಸಿನ ಬೀರುವಿನೊಳಗಿನ ಬಲ್ಬು ಆರಿಸಬೇಡಿ. ಬಾಂಡುಂಗಿನ ತೇವಕ್ಕೆ ಗಾಜಿಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು ಬೇಕು?

ಮದುವೆಯಾದಂದಿನಿಂದ ನಮ್ಮಿಬ್ಬರದು ಎರಡು ಮತ. ಹಳೆಯ ಸೂಕ್ಷ್ಮದರ್ಶಕ ಹೇಗೆ ಹುಟ್ಟಿತೋ ಹಾಗೆಯೇ ಇರಬೇಕು, ಒಂದು ಸ್ಕ್ರೂ ಕೂಡ ಬದಲಾಗಬಾರದು ಎನ್ನುವವಳು ನಾನು. ಕನ್ನಡಿ ಕಿತ್ತು ಎಲ್‌ಇಡಿ ಕೂರಿಸುವವರು, ಕಣ್ಣಿಡುವ ಕಡೆ ಮೊಬೈಲು ಕಟ್ಟುವವರು ನೀವು. ಜಾತಯು ಗುಜರಿ ಸಂತೆಯಲ್ಲಿ ಇಬ್ಬರೂ ಕೂಡಿ ಆರಿಸಿದ್ದಕ್ಕೆ ಮನೆ ಸೇರುವಷ್ಟರಲ್ಲಿ ಜಗಳ. ಆದರೂ ಒಂದು ಕರಾರಿತ್ತು, ನನ್ನ ಕಪಾಟಿನದಕ್ಕೆ ನೀವು ಕೈ ಹಚ್ಚುವಂತಿಲ್ಲ. ಅದರಲ್ಲೂ ಲಾಳದ ಆಕಾರದ ಪಾದವಿರುವ ಆ ಕಪ್ಪು ಸೂಕ್ಷ್ಮದರ್ಶಕಕ್ಕೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಫದ ಗಾಜುಗಳಲ್ಲಿ ಕ್ಷಯ ಹುಡುಕುತ್ತಾ ನಾನು ಸರ್ವೀಸು ಕಳೆದದ್ದು ಅದರ ಮುಂದೆಯೇ. ಆಸ್ಪತ್ರೆಯವರು ಅದನ್ನು ಗುಜರಿಗೆ ಹಾಕಿದಾಗ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದೆ.

ಅಂಥದ್ದರ ತೋಳಿಗೆ ನೀವು ತೂತು ಕೊರೆದಿರಿ. ಮೇಲಿದ್ದ, ಲೆನ್ಸು ಏರಿಳಿಸುವ ಪುಟ್ಟ ಹಿತ್ತಾಳೆ ತಿರುಪು ತೆಗೆದು, ಗೇರು, ಬೆಲ್ಟು ಹಾಕಿ, ಕೆಳಗೆ ಮೇಜಿನ ಮಟ್ಟದಲ್ಲಿ ಹೊಲಿಗೆ ಯಂತ್ರದ ಚಕ್ರದಂಥ ದಪ್ಪ ಗಾಲಿಯೊಂದನ್ನು ಕೂರಿಸಿದಿರಿ. ಯಾಕೆ ಎಂದು ಕೇಳಿದರೆ ತಲೆ ಕೆರೆದುಕೊಂಡು, "ಸುಮ್ನೆ, ಮಾಡ್ಬೇಕು ಅನ್ನಿಸ್ತು ಕಣೆ" ಎಂದಿರಿ. ಆ 'ಸುಮ್ನೆ' ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅದನ್ನೇ ಉಡುವ ಹಳೆಯ ಸರೋಂಗಿನಲ್ಲಿ ಸುತ್ತಿಕೊಂಡು ಅಕ್ಕನ ಮನೆಯ ಬಸ್ಸು ಹತ್ತಿದೆ.

ನಿನ್ನೆ ಎಂತಿನ್ ಅಕ್ಕನಿಗೆ ನಿಮ್ಮ ಪುಂಡಾಟ ತೋರಿಸೋಣವೆಂದು ಅವಳ ಮೀನುಕೊಳದ ಒಂದು ಹನಿ ನೀರನ್ನು ಗಾಜಿನ ಮೇಲಿಟ್ಟು ಕಣ್ಣಿಟ್ಟೆ. ಗಾಲಿ ತಿರುಗಿಸಿದೆ. ಕಾಂಗ್, ಕಾಣುತ್ತಿದ್ದದ್ದು ಅಲುಗಲಿಲ್ಲ.

ಬರೆದೇ ಬಿಡುತ್ತೇನೆ. ಹೋದ ವರ್ಷದಿಂದ ನನ್ನ ಬಲಗೈ ನಡುಗುತ್ತಿದೆ. ಯಾರಿಗೂ ಹೇಳಿರಲಿಲ್ಲ. ತಿರುಪು ಮುಟ್ಟಿದರೆ ಸಾಕು, ಕಣ್ಣೆದುರಿನದೆಲ್ಲ ಕುಣಿಯುತ್ತಿತ್ತು. ಕಣ್ಣು ದಣಿಯುತ್ತದೆ ಎಂದು ನಿಮಗೆ ನೆಪ ಹೇಳಿ ನೋಡುವುದನ್ನೇ ಬಿಟ್ಟೆ, ಬರೀ ಒರೆಸಿ ಒರೆಸಿ ಇಡುತ್ತಿದ್ದೆ. ಇನ್ನು ನನ್ನ ಪಾಲಿಗೆ ಇದು ಮುಗಿಯಿತು ಎಂದು ಒಳಗೊಳಗೇ ಅತ್ತಿದ್ದೇನೆ. ನೀವು ಮಾಡಿದ ಗಾಲಿಯನ್ನು ಅಂಗೈಯಗಲ ತಿರುಗಿಸಿದರೂ ಲೆನ್ಸು ಕೂದಲೆಳೆಯಷ್ಟೇ ಸರಿಯುತ್ತದೆ. ನಡುಕವೆಲ್ಲ ಗೇರಿನಲ್ಲೇ ಕರಗಿಹೋಗುತ್ತದೆ. ಮುಂಗೈ ಊರಲೆಂದು ಗಾಲಿಯ ಪಕ್ಕ ನೀವು ಉಜ್ಜಿ ನುಣುಪು ಮಾಡಿ ಕೂರಿಸಿದ ಮರದ ತುಂಡೂ ನನ್ನ ಕೈಯ ಅಳತೆಗೇ ಇದೆ. ಅಕ್ಕ ತನ್ನ ಕೈ ಇಟ್ಟು ನೋಡಿದಳು, ಅವಳಿಗೆ ಹೊಂದಲಿಲ್ಲ.

ಅವಳು ಊಟಕ್ಕೆ ಕರೆದೂ ಕರೆದೂ ಸಾಕಾಗಿ, "ಏನೇ ತಂಗಿ, ಗಂಡ ಹಾಳು ಮಾಡ್ಬಿಟ್ಟ ಅಂತ ಅಳ್ತಾ ಬಂದೋಳು, ಈಗ ಅದನ್ನ ಬಿಟ್ಟು ಏಳೋಕೇ ಒಲ್ಲೆ ಅಂತೀಯಲ್ಲ. ಸಂಬಾಲು ಚಟ್ನಿ, ಮೀನು ಎಲ್ಲಾ ಆರಿ ತಣ್ಣಗಾಯ್ತು" ಎಂದಳು. ನಾನು ತಲೆ ಎತ್ತಲಿಲ್ಲ. ಕೊಳದ ಹನಿಯೊಳಗೆ ಬಾಯಿಯ ಸುತ್ತ ರೋಮ ತಿರುಗಿಸುವ ಒಂದು ಪುಟ್ಟ ಜೀವಿ ಎದುರಿಗೇ ನಿಂತು ಮೇಯುತ್ತಿತ್ತು.

ನೀವು ಯಾವಾಗ ಗಮನಿಸಿದಿರಿ? ನನಗೆ ನಾಚಿಕೆಯಾಗಬಾರದೆಂದು ತಾನೇ 'ಸುಮ್ನೆ' ಎಂದು ಬಾಯಿ ಮುಚ್ಚಿಕೊಂಡು ಬೈಸಿಕೊಂಡದ್ದು? ಕೊರೆದ ತೂತಿನ ಅಂಚನ್ನು ಅರದಿಂದ ತಿಕ್ಕಿ ಕಪ್ಪು ಬಣ್ಣ ಹಚ್ಚಿದ್ದನ್ನೂ ನೋಡಿದೆ. ಬಲು ಅಚ್ಚುಕಟ್ಟಾದ ಕೆಲಸ. ನಿಮ್ಮಂಥ ಕೈ ಹಳೆಯ ಸೂಕ್ಷ್ಮದರ್ಶಕ ಕೂಡಿಡುವ ನಮ್ಮ ಬಳಗದಲ್ಲಿ ಇನ್ನೊಬ್ಬರಿಗಿಲ್ಲ. ಇದನ್ನು ಅವರೆದುರು ನಾನು ಹೇಳುತ್ತೇನೆಂದು ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ತೆಗೆದ ಹಿತ್ತಾಳೆ ತಿರುಪನ್ನು ಎಸೆದಿದ್ದರೆ ಕಥೆಯೇ ಬೇರೆ.

ಫೋನಿನಲ್ಲಿ ಹೇಳಹೋದರೆ ಮತ್ತೆ ಜಗಳಕ್ಕೇ ಇಳಿಯುತ್ತೇನೆ, ಅದಕ್ಕೇ ಬರೆದೆ. ಅಕ್ಷರ ಸೊಟ್ಟಗಿರುವುದಕ್ಕೆ ಕಾರಣ ನಿಮಗೆ ಗೊತ್ತೇ ಇದೆ.

ಸಿಟ್ಟು ಅರ್ಧಕ್ಕಿಳಿದಿರುವ,
ನಿಮ್ಮ ಇಮಾಸ್

ತಾ.ಕ.: ಸಿಟ್ಟಿಗೆ ಬಸ್ಸು ಹತ್ತಿದೆ ಎಂದದ್ದು ಪೂರ್ತಿ ನಿಜವಲ್ಲ. ನೀವು ಡ್ರಿಲ್ಲು ಮುಟ್ಟುವ ಮೊದಲೇ ಇಲ್ಲಿನ ನರರೋಗದ ವೈದ್ಯರ ಬಳಿ ಮುಂದಿನ ವಾರದ ಗುರುವಾರಕ್ಕೆ ಹೆಸರು ಬರೆಸಿದ್ದೆ. ನಿಮಗೆ ತಿಳಿಯದಂತೆ ತೋರಿಸಿಕೊಂಡು ಬರೋಣವೆಂದು. ಜಗಳ ಒಳ್ಳೆಯ ನೆಪವಾಯಿತು. ಈಗ ಒಬ್ಬಳೇ ಒಳಗೆ ಹೋಗಲು ಭಯವಾಗುತ್ತಿದೆ. ಹಿಂದಿನ ದಿನವೇ ಹೊರಟು ಬನ್ನಿ.