ಬೇಜಾರೇನಿಲ್ಲಕ್ಕ

ಮನೆಯಿಂದ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಮಾತಿನಮಲ್ಲಿಗೆ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಮಗು ಒದೆಯುತ್ತಿದೆಯೇ? ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡ. ನೋಡು, ಓರಗಿತ್ತಿಗೆ ಕಾಗದ ಬರೆಯಲು ಕೂತರೂ ಆರೋಗ್ಯ ಕಾರ್ಯಕರ್ತೆಯ ಬಾಯಿ ಸುಮ್ಮನಿರುವುದಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಆದರೆ ನಾನು ಚೆನ್ನಾಗಿಲ್ಲ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು 'ಬೇಜಾರೇನಿಲ್ಲಕ್ಕ' ಅನ್ನುತ್ತೀಯ, ನಾನು ಮತ್ತೆ ನಂಬಿಬಿಡುತ್ತೇನೆ.

ಬಸುರಿಯರ ಮನಸ್ಸು ಹೇಗಿದೆಯೆಂದು ತಿಳಿಯಲು ಆಸ್ಪತ್ರೆಯವರು ಪ್ರಶ್ನೆಗಳ ಹಾಳೆ ಕೊಟ್ಟಿದ್ದರಲ್ಲ, ಅದರ ವಿಷಯ. ತರಬೇತಿಯಲ್ಲಿ ನರ್ಸಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, ಕೆಲಸದ ನಡುವೆ ಬೇಡ, ನಿಮ್ಮ ಮನೆಯವರನ್ನಂತೂ ನೀವು ಕೇಳಲೇಬೇಡಿ, ಬೇರೆ ಕಾರ್ಯಕರ್ತೆಗೆ ಬಿಡಿ. ಬೇರೆಯವಳು ಇಲ್ಲಿಗೆ ಬರಬೇಕೆಂದರೆ ಎರಡು ಬಸ್ಸು ಬದಲಾಯಿಸಬೇಕು. ಹಾಳೆಗಳನ್ನು ಒಪ್ಪಿಸುವ ದಿನ ಹತ್ತಿರ ಬಂದಿತ್ತು, ನಿನ್ನದೊಂದೇ ಬಾಕಿ. ಹಾಗಾಗಿ ಹಿತ್ತಲಲ್ಲಿ ನಾವಿಬ್ಬರೂ ಹೊದಿಕೆಯ ಒಂದೊಂದು ತುದಿ ಹಿಡಿದು ಹಿಂಡುವಾಗ, ಅತ್ತೆ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿರುವಾಗಲೇ, 'ಏನೇ, ಈಚೆಗೆ ತುಂಬಾ ಬೇಜಾರಾಗುತ್ತಾ?' ಅಂತ ಕೇಳಿದೆ. ನೀನು, 'ನಿಮ್ಮ ಮೇಲೆ ನಂಗೇನು ಬೇಜಾರು? ಬೇಜಾರೇನಿಲ್ಲಕ್ಕ' ಅಂದೆ. ಹಿಂದಿನ ದಿನ ಹಾಲು ಉಕ್ಕಿಸಿದ್ದಕ್ಕೆ ನಿನ್ನ ಮೇಲೆ ರೇಗಿದ್ದೆನಲ್ಲ, ರಾಜಿಗೆ ಬಂದಿದ್ದೇನೆ ಅಂದುಕೊಂಡೆ ನೀನು. ಹಾಳೆ ಕೇಳಿದ ಬೇಜಾರೇ ಬೇರೆ, ನೀನು ಇಲ್ಲವೆಂದ ಬೇಜಾರೇ ಬೇರೆ. ಅದು ನನಗೆ ಆಗಲೇ ಹೊಳೆಯಿತು. ಹೊಳೆದರೂ ಹೊದಿಕೆ ಒಣಗಲು ಹಾಕಿ ಒಳಗೆ ಬಂದು, 'ಇಲ್ಲ' ಎಂಬ ಕಡೆ ಗುರುತು ಹಾಕಿದೆ.

ಒಂದು ತಿಂಗಳಿಂದ ನಿನ್ನ ಮಾತು ನಿಂತಿತ್ತು. ತಲೆ ಬಾಚುತ್ತಿರಲಿಲ್ಲ, ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದೆ. ಬೇರೆಯವರ ಮನೆಯಲ್ಲಾಗಿದ್ದರೆ ಹೊಸಿಲು ದಾಟುವ ಮೊದಲೇ ಗುರುತಿಸುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗೆ ಎಂದು ಜನ ಆಡಿಕೊಳ್ಳುತ್ತಾರೆಂಬ ಭಯ ನನಗೆ. ಬಸುರಲ್ಲಿ ಸೋಮಾರಿತನ ಸಹಜ ಎಂದು ಅತ್ತೆಯ ಮುಂದೆ ನಕ್ಕುಬಿಟ್ಟೆ. ಹಾಳೆ ತುಂಬಿ ಒಂಬತ್ತು ದಿನವಾದ ಮೇಲೆ ಹಾಲಿನವನು ನಿನ್ನನ್ನು ಸೈಕಲ್ಲಿನ ಪಕ್ಕದಲ್ಲಿ ನಡೆಸಿಕೊಂಡು ಬಂದು, 'ಕಾಲುವೆ ಸೇತುವೆ ಮೇಲೆ ನಿಂತಿದ್ರು, ಎಷ್ಟು ಕರೆದ್ರೂ ತಿರುಗಿ ನೋಡ್ಲಿಲ್ಲ' ಅಂದ. ಆಗಲೂ ನೀನು ನನಗೆ ಅದೇ ಮಾತು ಹೇಳಿದೆ. ಮರುದಿನ ನಿನ್ನ ಅಮ್ಮ ಬಂದು ಕರೆದುಕೊಂಡು ಹೋಗುವಾಗಲೂ ತಪ್ಪು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ನಿನ್ನೆ ನರ್ಸಮ್ಮನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆ. ಶನಿವಾರ ಹೊಸ ಹಾಳೆ ಹಿಡಿದು ಅವರೇ ನಿನ್ನ ಹತ್ತಿರ ಬರುತ್ತಾರೆ. ಅವರ ಮುಂದೆ ನಮ್ಮ ಮನೆಯ ಮರ್ಯಾದೆ ಕಾಯಬೇಡ, ನನ್ನ ಮೇಲಿನ ಸಿಟ್ಟನ್ನೂ ಹೇಳು. ಇದು ಸೋಮಾರಿತನವಲ್ಲ, ಕಾಯಿಲೆ, ಚಿಕಿತ್ಸೆ ಇದೆ ಎಂದು ಮನೆಮನೆಗೂ ಹೋಗಿ ಬಾಯಿಪಾಠ ಒಪ್ಪಿಸುತ್ತೇನೆ. ನಿನಗೊಬ್ಬಳಿಗೆ ಹೇಳಲಿಲ್ಲ. ನಿನ್ನ ಗಂಡ ದಿನಕ್ಕೆ ಮೂರು ಸಲ ಬಸ್ಸಿನ ವೇಳೆ ವಿಚಾರಿಸುತ್ತಾನೆ, ಭಾನುವಾರ ಬರುತ್ತಾನೆ.

ಅಮ್ಮನಿಗೆ ನನ್ನ ನಮಸ್ಕಾರ. ನೂರು ಕಾಲ ಬಾಳು, ಇದನ್ನು ರೂಢಿಗೆ ಬರೆಯುತ್ತಿಲ್ಲ.

ಇಂತಿ,
ನಿನ್ನ ತಪ್ಪಿತಸ್ಥ ಅಕ್ಕ

ತಾ.ಕ.: ಕಾಗದ ಒಯ್ಯುವ ಬಸ್ಸಿನವನು ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಇನ್ನೂ ಒಂದು ಸುಳ್ಳಿದೆ. ಹಾಳೆಯ ಕೊನೆಯ ಪ್ರಶ್ನೆಯನ್ನು ನಿನ್ನನ್ನು ಕೇಳಲೇ ಇಲ್ಲ. ನಾಲಿಗೆ ಏಳಲಿಲ್ಲ, 'ಇಲ್ಲ' ಎಂದು ನಾನೇ ಬರೆದೆ. ಈಗ ಕೇಳುತ್ತೇನೆ: ಬದುಕಿರೋದೇ ಬೇಡ ಅನ್ಸುತ್ತಾ ನಿಂಗೆ? ಹೌದಾದರೆ ಶನಿವಾರದವರೆಗೆ ಕಾಯಬೇಡ. ಹೇಳಲು ಮಾತು ಬಾರದಿದ್ದರೆ ಈ ಕಾಗದವನ್ನು ಹಾಗೇ ಅಮ್ಮನ ಕೈಗೆ ಕೊಡು, ಈಗಲೇ.