ಉತ್ತರ ಬಾರದಿದ್ದರೆ ಒಪ್ಪಿಗೆ

ಕೀಲಿಯಕ್ಕನವರಿಗೆ,

ನಮಸ್ಕಾರ. ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಆದಷ್ಟು ದೊಡ್ಡದಾಗಿ. ನೀವು ಕೂಡಿಸಿಕೊಂಡು ಓದುತ್ತೀರಿ ಎಂದು ಗೊತ್ತು. ಬೇಸರವಾದರೆ ಮಗಳ ಕೈಗೆ ಕೊಡಿ. ನಿಮಗೆ ನೋವಾಗುವ ಜಾಗ ಬಂದರೆ ಹಾರಿಸಬಾರದು ಎಂದು ಅವಳಿಗೆ ಹೇಳಿ. ಹಾರಿಸುತ್ತ ಹೋದರೆ ಉಳಿಯುವುದು ನಮಸ್ಕಾರ ಮಾತ್ರ.

ಹದಿನಾಲ್ಕು ವರ್ಷ ನಮ್ಮ ಕಚೇರಿಯ ಬೀಗ ತೆಗೆದವರು, ಗುಡಿಸಿದವರು, ಚಹಾ ಮಾಡಿದವರು ನೀವು. ಸೊಂಟದಲ್ಲಿ ಕೀಲಿಗೊಂಚಲು ಇದ್ದದ್ದಕ್ಕೆ ಎಲ್ಲರಿಗೂ ಕೀಲಿಯಕ್ಕ ಆದಿರಿ. ನಾನು ಅಲ್ಲಿನ ನಿರ್ದೇಶಕಿ, ನಿಮ್ಮ ಮೇಡಂ. ಮನೆಗೆಲಸದ ಹೆಂಗಸರ ಹಕ್ಕಿಗಾಗಿ ಹೋರಾಡುವ ಸಂಸ್ಥೆ ನಮ್ಮದು. ಇದನ್ನು ನಿಮಗೆ ಹೇಳುವುದೇ ನಗೆಪಾಟಲು. ಹಾಗೆಂದು ಬರೆದಿದ್ದ ಫಲಕವನ್ನು ವಾರಕ್ಕೊಮ್ಮೆ ಒರೆಸುತ್ತಿದ್ದವರೇ ನೀವು.

ಸೋಂಕಿಗೆ ಹೆದರಿ ಮುಚ್ಚಿದ್ದ ಕಚೇರಿಗಳನ್ನು ಏಳು ತಿಂಗಳ ಮೇಲೆ ತೆರೆಯಬಹುದು ಎಂದು ಆದೇಶ ಬಂದಾಗ ನಾನು ಹನ್ನೊಂದು ಪುಟದ ಯೋಜನೆ ಬರೆದೆ. ಮೇಜುಗಳ ನಡುವೆ ಎಷ್ಟು ಅಂತರ, ಒಂದು ಕೋಣೆಗೆ ಎಷ್ಟು ಜನ, ಬಾಗಿಲ ಹಿಡಿಕೆಯನ್ನು ದಿನಕ್ಕೆ ಎಷ್ಟು ಸಲ ಒರೆಸಬೇಕು. ಯಾರು ಒರೆಸಬೇಕು ಎಂದು ಬರೆಯಲಿಲ್ಲ, ಅದು ಗೊತ್ತಿದ್ದದ್ದೇ. ಯಾರ ಮೇಲೂ ಒತ್ತಾಯ ಬೇಡ ಎಂದು ಒಂದು ಪ್ರಶ್ನೆಪಟ್ಟಿ ಮಾಡಿ ಎಲ್ಲರಿಗೂ ಇ-ಮೇಲ್ ಕಳಿಸಿದೆ. ಬರಲು ಮನಸ್ಸಿದೆಯೇ? ಮನೆಯಲ್ಲಿ ವಯಸ್ಸಾದವರು, ಉಸಿರಾಟದ ತೊಂದರೆ ಇರುವವರು ಇದ್ದಾರೆಯೇ? ಕೊನೆಗೊಂದು ಸಾಲು ಸೇರಿಸಿದೆ: ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು. ಎಷ್ಟು ನ್ಯಾಯವಾಗಿ ನಡೆದುಕೊಂಡೆ ಎಂದು ಅವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹನ್ನೊಂದು ಜನ ಉತ್ತರ ಬರೆದರು. ಒಬ್ಬರ ಅತ್ತೆಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಎಳೆ ಮಗು, ಗುಮಾಸ್ತನಿಗೆ ಬಸ್ಸಿನ ಭಯ. ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದೆ. ಉತ್ತರ ಬರೆಯದವರು ನೀವೊಬ್ಬರೇ. ನಿಮ್ಮ ಹೆಸರಿನಲ್ಲಿ ಒಂದು ಇ-ಮೇಲ್ ವಿಳಾಸವಿತ್ತು. ಯಾವುದೋ ಫಾರಂ ತುಂಬಲು ಗುಮಾಸ್ತ ಎಂದೋ ಮಾಡಿಟ್ಟದ್ದು. ಅದು ಇದೆ ಎಂಬುದೇ ನಿಮಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಶನಿವಾರ ಗುಮಾಸ್ತ ಫೋನ್ ಮಾಡಿ, "ಅಕ್ಕಾ, ಸೋಮವಾರದಿಂದ ಬಂದುಬಿಡಿ, ಮೇಡಂ ಹೇಳಿದಾರೆ" ಎಂದ. ನೀವು ಬಂದಿರಿ.

ಆಮೇಲಿನದ್ದನ್ನು ನೆನೆದರೆ ನಗು ಬರುತ್ತದೆ, ಬಂದು ಅರ್ಧಕ್ಕೇ ನಿಲ್ಲುತ್ತದೆ. ಕೆಲಸ ಕಳೆದುಕೊಂಡ ಹೆಂಗಸರು ಕಚೇರಿಯ ಬಾಗಿಲಿಗೆ ಬರತೊಡಗಿದ್ದರು. ಅವರ ಕೈಗೆ ಸೋಪಿನ ನೀರು ಹಾಕಿ, ಕೂರಿಸಿ, ದೂರು ಕೇಳಿ, ಫೋನಿನಲ್ಲಿ ನಮಗೆ ಒಪ್ಪಿಸುತ್ತಿದ್ದವರು ನೀವು. ನಾವು ಹನ್ನೆರಡು ಜನ ನಮ್ಮ ನಮ್ಮ ಮನೆಯಲ್ಲಿ ಪರದೆಯ ಮುಂದೆ ಕೂತು, ಅವರನ್ನು ಫಲಾನುಭವಿಗಳು ಎನ್ನಬೇಕೋ ಸಂಗಾತಿಗಳು ಎನ್ನಬೇಕೋ ಎಂದು ಎರಡು ತಾಸು ಗಂಟಲು ಹರಿಯುವಂತೆ ವಾದಿಸಿದೆವು. ನೀವು ಕಚೇರಿಯಿಂದಲೇ ಆ ಸಭೆಗೆ ಸೇರಿ ಫೋನನ್ನು ನೀರಿನ ಡ್ರಮ್ಮಿಗೆ ಒರಗಿಸಿಟ್ಟಿದ್ದಿರಿ, ನಮಗೆ ಕಾಣುತ್ತಿದ್ದದ್ದು ಫ್ಯಾನ್ ಒಂದೇ. ಕೊನೆಗೆ ಆ ಫ್ಯಾನ್ ಹೇಳಿತು: "ಏನಾದ್ರೂ ಕರೀರಿ ಮೇಡಂ, ಇಲ್ಲಿ ಆರು ಜನ ಕಾಯ್ತಿದಾರೆ." ಎಲ್ಲರೂ ನಕ್ಕೆವು. ಮೊನ್ನೆ ಆ ಸಭೆಯ ನಡಾವಳಿ ತೆಗೆದು ನೋಡಿದೆ. ನಿಮ್ಮ ಮಾತನ್ನು ಅದರಲ್ಲಿ ಬರೆದುಕೊಂಡಿಲ್ಲ.

ನಿಮ್ಮ ಯಜಮಾನರು ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡಿನಲ್ಲಿ ದುಡಿದು ಎದೆ ಕೆಡಿಸಿಕೊಂಡಿದ್ದರು ಎಂದು ನನಗೆ ಗೊತ್ತಾದದ್ದು ಅವರು ಹೋದ ಮೇಲೆ. ಹದಿನಾಲ್ಕು ವರ್ಷ, ಅಕ್ಕ! ಮೂರನೇ ವಾರ ನಿಮಗೆ ಜ್ವರ ಬಂತು, ಇಳಿಯಿತು. ಅವರಿಗೆ ಬಂದದ್ದು ಇಳಿಯಲಿಲ್ಲ. ನಿಮ್ಮ ಮಗಳು ಫೋನ್ ಮಾಡಿ "ಅಪ್ಪ ಹೋದ್ರು ಮೇಡಂ" ಎಂದಾಗ ನಾನು ಬೀನ್ಸಿನ ನಾರು ತೆಗೆಯುತ್ತಿದ್ದೆ. "ಹೌದಾ" ಎಂದೆ. ಉಳಿದ ಬೀನ್ಸನ್ನೂ ಬಿಡಿಸಿ ಮುಗಿಸಿ, ಹೊತ್ತಿಗೆ ಸರಿಯಾಗಿ ಸಭೆಗೆ ಕೂತೆ. ಅವತ್ತಿನಿಂದ ಮನಸ್ಸು ಜೋಮು ಹಿಡಿದ ಕಾಲಿನ ಹಾಗಿದೆ. ನನ್ನದೇ, ಆದರೆ ಚಿವುಟಿದರೂ ಗೊತ್ತಾಗುವುದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅದೇ ನನಗೆ ನಾಚಿಕೆ.

ನಮ್ಮ ಚಿಕ್ಕ ವಕೀಲೆ ಸಭೆಯಲ್ಲಿ ಕೇಳಿಯೇಬಿಟ್ಟಳು: "ಬೇರೆ ಯಾವ್ದೋ ಮನೆಯೊಡತಿ ಹೀಗೆ ಮಾಡಿದ್ರೆ ಅವಳ ಗೇಟಿನ ಮುಂದೆ ಧರಣಿ ಕೂರ್ತಿರಲಿಲ್ವಾ ನಾವು?" ಅವಳು ಮರುದಿನವೇ ಕೆಲಸ ಬಿಟ್ಟಳು. ನಡೆದದ್ದೇನು ಎಂದು ನಾನು ವರದಿ ಕೊಡಬೇಕೆಂದು ಆಡಳಿತ ಮಂಡಳಿ ಹೇಳಿತು. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, "ಅವರಾಗೇ ಬಂದ್ರು ಅಂತ ಒಂದು ಸಾಲು, ಕೆಳಗೆ ಅವರ ಸೈನು. ಅಷ್ಟೇ ತಾನೆ? ದಾನಿಗಳ ಕಿವಿಗೆ ಬಿದ್ರೆ ಸಂಸ್ಥೆಗೆ ಬೀಗ. ಆಮೇಲೆ ಆ ಹೆಂಗಸರ ಕಷ್ಟ ಕೇಳೋರು ಯಾರು ಹೇಳಿ" ಎಂದರು. ಅದೂ ಸುಳ್ಳಲ್ಲ. ನಾನು ಕಾಗದ ಟೈಪ್ ಮಾಡಿಸಿ, ಚೀಲದಲ್ಲಿಟ್ಟುಕೊಂಡು ನಿಮ್ಮ ಮನೆಗೆ ಬಂದೆ.

ಇದ್ದ ಒಂದು ಕುರ್ಚಿಯನ್ನು ಒರೆಸಿ ನನಗೆ ಕೊಟ್ಟು, ನಿಮ್ಮ ಮನೆಯಲ್ಲಿ ನೀವೇ ನಿಂತುಕೊಂಡಿರಿ. ನಾನು ಕೂತೆ. ಮೊಳೆಗೆ ಅವರ ಅಂಗಿ ಇನ್ನೂ ನೇತಾಡುತ್ತಿತ್ತು. ಹೇಗಿದ್ದೀರಿ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನೀವೇ ಕೇಳಿದಿರಿ: "ಸೈನ್ ಎಲ್ಲಿ ಹಾಕ್ಬೇಕು ಮೇಡಂ?" ಕಾಗದದ ಮಾತನ್ನು ನಾನಿನ್ನೂ ಎತ್ತಿರಲೇ ಇಲ್ಲ. "ಆಫೀಸಿನೋರು ಮನೆ ತನಕ ಬಂದ್ರೆ ಏನೋ ಕಾಗದ ಇದ್ದೇ ಇರುತ್ತಲ್ಲ, ಕೊಡಿ" ಎಂದಿರಿ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಕೊಟ್ಟೆ. ಬೆರಳಿಟ್ಟು ತೋರಿಸಿದ ಕಡೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಿರಿ. ನಾನು ತಡೆಯಲಿಲ್ಲ, ಥ್ಯಾಂಕ್ಸ್ ಎಂದು ಬೇರೆ ಹೇಳಿದೆ.

ಒಂಬತ್ತು ದಿನ ಆ ಕಾಗದ ನನ್ನ ಬಳಿ ಇತ್ತು. ಇವತ್ತು ಬೆಳಿಗ್ಗೆ ವರದಿ ಬರೆಯಲು ಕೂತೆ. 'ಅವರಾಗಿಯೇ' ಎಂಬಲ್ಲಿಗೆ ಬಂದು ಕೈ ನಿಂತಿತು. ದೊಡ್ಡ ಮನಸ್ಸೇನೂ ಅಲ್ಲ ಅಕ್ಕ. ಇಷ್ಟು ವರ್ಷ ನಾವು ಬರೆದುಕೊಂಡ ದೂರುಗಳಲ್ಲೆಲ್ಲ ಆ ಮಾತಿದೆ. ಪ್ರತಿ ಮನೆಯೊಡತಿಯೂ ಅದನ್ನೇ ಹೇಳುತ್ತಾಳೆ, ಅವಳಾಗಿಯೇ ಬಂದಳು ಎಂದು. ಹೊಡೆದು ಹಾಕಿ ಬರೆದೆ: ಹನ್ನೊಂದು ಜನರನ್ನು ಕೇಳಿದೆವು. ಇವರನ್ನು ಕೇಳಲಿಲ್ಲ. ಕೇಳದೆ ಕರೆಸಿದವಳು ನಾನು. ಮಧ್ಯಾಹ್ನ ಅಧ್ಯಕ್ಷರ ಕೈಗೆ ಕೊಟ್ಟು ಬಂದೆ. ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಸಂಸ್ಥೆ ಉಳಿಯುತ್ತದೋ ಇಲ್ಲವೋ, ನಾನಂತೂ ಅಲ್ಲಿ ಉಳಿಯುವುದಿಲ್ಲ.

ನಿಮ್ಮ ಸಹಿ ಇರುವ ಕಾಗದ ಈ ಲಕೋಟೆಯಲ್ಲೇ ಇದೆ. ಹರಿದು ಹಾಕಬೇಡಿ. ಮಗಳನ್ನು ಕರೆದುಕೊಂಡು ಆ ವಕೀಲೆಯ ಬಳಿ ಹೋಗಿ, ಅವಳಿಗೆ ಹೇಳಿದ್ದೇನೆ. ಆ ಕಾಗದವನ್ನೂ ಈ ಪತ್ರವನ್ನೂ ಕೊಡಿ. ನನ್ನ ಮೇಲೆ ಕೇಸು ಹಾಕಲು ಬೇಕಾದದ್ದೆಲ್ಲ ನನ್ನ ಕೈಬರಹದಲ್ಲೇ ಸಿಕ್ಕುತ್ತದೆ. ಮೇಡಂ ಪಾಪ, ಹೋಗಲಿ ಬಿಡು ಎಂದು ಮಗಳ ಬಾಯಿ ಮುಚ್ಚಿಸಬೇಡಿ. ನೀವು ಹಾಗೆ ಮಾಡುವವರೇ, ಅದೊಂದೇ ನನ್ನ ಭಯ.

ಇನ್ನು ಮುಂದೆ ನಿಮ್ಮ ಮನೆ ಬಾಗಿಲಿಗೆ ಬರುವವರು ನಿಮ್ಮನ್ನು ನೋಡಲೆಂದೇ ಬರಲಿ.

ಇಂತಿ,
ನಿಮ್ಮನ್ನು ಒಂದು ಮಾತು ಕೇಳದಿದ್ದವಳು