ಅಕ್ಕ ಬೇಡ ಅಂದಿದ್ದಾಳೆ

ಅತ್ತಿಗೆಯವರಿಗೆ ನಮಸ್ಕಾರ.

ಬರುವ ಭಾನುವಾರಕ್ಕೆ ನಿಮ್ಮ ತಮ್ಮ ಕುಡಿತ ಬಿಟ್ಟು ತಿಂಗಳು ತುಂಬುತ್ತದೆ. ಗೆಳೆಯರು ಕರೆಯಲು ಬಂದರೆ "ಅಕ್ಕ ಬೇಡ ಅಂದಿದ್ದಾಳೆ ಕಣ್ರೋ" ಎಂದು ಬಾಗಿಲಿಂದಲೇ ಕಳಿಸುತ್ತಾರೆ. ಕುಡಿಯುವ ಗ್ಲಾಸನ್ನು ತೊಳೆದು ನಿಮ್ಮ ಫೋಟೋ ಪಕ್ಕದಲ್ಲಿಟ್ಟಿದ್ದಾರೆ. ಅಲ್ಲಿ ದಿನಾ ಧೂಳು ಒರೆಸುವವಳು ನಾನು.

ನನಗೆ ಸಂತೋಷವೇ. ಮದುವೆಯಾದಾಗಿನಿಂದ ನಾನು ಬಾಟಲಿ ಬಚ್ಚಿಟ್ಟೆ, ಸಿಂಕಿಗೆ ಸುರಿದೆ, ತವರಿಗೂ ಹೋಗಿ ಕೂತೆ. ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ನೀವು ಫೋನಿನಲ್ಲಿ "ಒಂದು ತಿಂಗಳು ಬಿಡೋ, ನೋಡೋಣ" ಅಂದಿರಿ, ಬಿಟ್ಟರು.

ಒಂದು ಉಪಕಾರ ಮಾಡಿ. ಭಾನುವಾರ ಅವರು ಫೋನ್ ಮಾಡಿ "ಮುಂದೇನಕ್ಕಾ?" ಎಂದರೆ, "ಇನ್ನು ನಿನ್ನಿಷ್ಟ ಕಣೋ" ಅನ್ನಿ. ಈ ಸಲ ಬೇಡ ಎನ್ನುವವಳು ನಾನಾಗಬೇಕು.

ಅವರು ನನ್ನ ಮಾತು ಕೇಳದಿದ್ದರೆ ಸೋಮವಾರ ನಾನೇ ಫೋನ್ ಮಾಡುತ್ತೇನೆ. ದಯವಿಟ್ಟು ಎತ್ತಿ.

ನಿಮ್ಮ ತಮ್ಮನ ಹೆಂಡತಿ